ಅಜ್ಜ-ಅಜ್ಜಿಯರನ್ನು ಸುಮ್ನೆ ಕೂರಿಸಬೇಡಿ

ಸಂಪಾದಕರೇ,

ನಮ್ಮ ಬಾಗಲಕೋಟೆ ಕಡೆ ಹಿರಿಯರ ತೊಡೆ ಸಣ್ಣಗಾದರೆ, ಮೊಣಕಾಲಿಗೆ ಕೈ ಊರದೆ ಕಟ್ಟೆಯಿಂದ ಏಳಲು ಆಗದಿದ್ದರೆ, ‘ವಯಸ್ಸಾಯ್ತಲ್ಲ’ ಅಂತ ಬಿಟ್ಟುಬಿಡುತ್ತಾರೆ. ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಂದುವ ಇದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು 1989ರಿಂದಲೇ ಇದೆ.

ಇದಕ್ಕೆ ಒಂದು ಕಾರಣ ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲೇ ಇದೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಪ್ರೋಟೀನು ಬಳಸುತ್ತವೆ. ವಯಸ್ಸಾದಂತೆ ಇವುಗಳಲ್ಲಿ ಕೆಲವು, ಮುಖ್ಯವಾಗಿ ಟಿಎನ್‌ಎಫ್-ಆಲ್ಫಾ ಮತ್ತು ಐಎಲ್-6, ಯಾವ ಸೋಂಕೂ ಇಲ್ಲದಿದ್ದರೂ ರಕ್ತದಲ್ಲಿ ಸ್ವಲ್ಪ ಜಾಸ್ತಿಯೇ ಉಳಿಯುತ್ತವೆ, ಹೊಟ್ಟೆಯ ಬೊಜ್ಜು ಇದ್ದರಂತೂ ಇನ್ನೂ ಜಾಸ್ತಿ. ಸೋಂಕು, ಗಾಯಗಳ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯೇ ಉರಿಯೂತ. ಹೀಗೆ ಅದು ಸಣ್ಣಗೆ ವರ್ಷಗಟ್ಟಲೆ ನಡೆದರೆ ಸ್ನಾಯು ಕರಗುವುದು ಹೆಚ್ಚುತ್ತದೆ, ಹೊಸದಾಗಿ ಬೆಳೆಯುವುದು ಕಡಿಮೆಯಾಗುತ್ತದೆ.

ಆದರೆ ನೋಡಿ, ಮೈ ಬಗ್ಗಿಸಿ ಕೆಲಸ ಮಾಡಿದಾಗ ಅದೇ ಐಎಲ್-6 ಅನ್ನು ಸ್ನಾಯುವೇ ಬಿಡುತ್ತದೆ! ಸ್ವಲ್ಪ ಹೊತ್ತು ಏರಿ ಇಳಿಯುವ ಈ ಐಎಲ್-6 ಉರಿಯೂತವನ್ನು ತಗ್ಗಿಸಲು ನೆರವಾಗುತ್ತದೆ. ಹಾಗಿರುವಾಗ ‘ನೀವು ಕುಂದ್ರಿ, ನಾವು ಮಾಡ್ತೀವಿ’ ಅಂತ ಪ್ರೀತಿಯಿಂದ ಕೂರಿಸಿಬಿಡುವುದು ಅವರಿಗೆ ಒಳ್ಳೆಯದಲ್ಲ, ಅಲ್ವಾ? ವೈದ್ಯರನ್ನು ಕೇಳಿ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿಸಿ. ಸ್ನಾಯುವಿಗೆ ಪ್ರೋಟೀನು ಬೇಕು, ಬರೀ ರೊಟ್ಟಿ-ಚಟ್ನಿ ಸಾಲದು. ಹೆಸರುಕಾಳು, ಮಡಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಕೊಡಿ.

ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ವೈದ್ಯರಿಗೆ ತೋರಿಸಬೇಕು ಎನ್ನುತ್ತದೆ ಏಷ್ಯಾದ ತಜ್ಞರ 2019ರ ಮಾರ್ಗಸೂಚಿ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ನೋಡುವಾಗಲೇ ಇದನ್ನೂ ನೋಡಲಿ.

– ಒಬ್ಬ ಓದುಗ, ನವನಗರ, ಬಾಗಲಕೋಟೆ