‘ಯಾವ ಸಿನಿಮಾದ್ದು?’ ಎಂದು ಕೇಳುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ರಾಜ್ಯೋತ್ಸವಕ್ಕೆ ನೀವು ತಂದ ವಿಶೇಷ ಪುರವಣಿಯಲ್ಲಿ ಕನ್ನಡ ಹಾಡುಗಳಿಗೆಂದೇ ನಾಲ್ಕು ಪುಟ ಇತ್ತು. ಖುಷಿಯಿಂದ ಓದಿದೆ. ಓದಿ ಮಡಚಿ ಇಡುವಾಗ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ನಾಲ್ಕೂ ಪುಟದಲ್ಲಿ ಸಿನಿಮಾದ ಹೊರಗಿನ ಹಾಡು ಒಂದೂ ಇರಲಿಲ್ಲ. ನಿಮ್ಮ ಪತ್ರಿಕೆಯನ್ನು ನಾನು ಮದುವೆಯಾದ ವರ್ಷದಿಂದ ತರಿಸುತ್ತಿದ್ದೇನೆ, ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ರಾಮಮೂರ್ತಿನಗರದಲ್ಲಿ. ಮಹಡಿ ಮೇಲೆ ಒಂದು ರೂಮ್ ಖಾಲಿ ಇತ್ತು. ಎರಡು ವರ್ಷದ ಹಿಂದೆ ಅದನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟೆವು. ಇರುವುದಕ್ಕಲ್ಲ, ಹಾಡು ಮಾಡುವುದಕ್ಕೆ. ಒಬ್ಬ ಹುಡುಗ, ಗಿಟಾರ್ ನುಡಿಸುತ್ತಾನೆ, ಹಾಡುತ್ತಾನೆ. ಒಬ್ಬಳು ಹುಡುಗಿ, ಡ್ರಮ್ಸ್ ಬಾರಿಸುತ್ತಾಳೆ, ಅವಳೂ ದನಿ ಸೇರಿಸುತ್ತಾಳೆ. ಅಷ್ಟೇ, ಬ್ಯಾಂಡ್‌ನಲ್ಲಿ ಮೂರನೆಯವರಿಲ್ಲ. ಅವರು ಮಾಡುವುದು ಆಲ್ಟರ್ನೇಟಿವ್ ರಾಕ್, ಅದೂ ಕನ್ನಡದಲ್ಲಿ, ಪದವೂ ಅವರದೇ, ರಾಗವೂ ಅವರದೇ. ಹುಡುಗ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಹುಡುಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಶನಿವಾರ ಮಧ್ಯಾಹ್ನ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರೆ ಇಳಿಯುವುದು ಕೆ.ಆರ್. ಪುರದಲ್ಲಿ. ಸ್ನೇರ್ ಡ್ರಮ್ಮು, ಸಿಂಬಲ್ಸು, ಕಾಲಲ್ಲಿ ಒತ್ತುವ ಪೆಡಲ್ಲು ಎಲ್ಲ ಬೆನ್ನ ಮೇಲೆ ಹೊತ್ತುಕೊಂಡೇ ಬರುತ್ತಾಳೆ.

ನಾನು ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ದೂರವಾಣಿನಗರದ ಹಳಬರಿಗೆ ಗೊತ್ತಿರುತ್ತದೆ, ಆಗೆಲ್ಲ ನವೆಂಬರ್ ಬಂತೆಂದರೆ ಕಾರ್ಖಾನೆಗಳ ಕನ್ನಡ ಸಂಘಗಳಲ್ಲಿ ಆರ್ಕೆಸ್ಟ್ರಾ ಇರಲೇಬೇಕು. ನಾನೂ ಹಾರ್ಮೋನಿಯಂ ಹಿಡಿದು ಕೂತಿದ್ದೇನೆ. ಹಾಡುತ್ತಿದ್ದದ್ದು ಜಾಸ್ತಿ ಸಿನಿಮಾ ಹಾಡೇ, ನಿಜ. ನನಗೆ ಸಿನಿಮಾ ಹಾಡಿನ ಮೇಲೆ ಯಾವ ಸಿಟ್ಟೂ ಇಲ್ಲ, ಈಗಲೂ ಬೆಳಿಗ್ಗೆ ರೇಡಿಯೋದಲ್ಲಿ ಕೇಳದಿದ್ದರೆ ಕಾಫಿ ರುಚಿಸುವುದಿಲ್ಲ. ಆದರೆ ನಮ್ಮ ಕಿವಿಗೆ ಸಿನಿಮಾ ಒಂದೇ ಸಾಕು ಅನ್ನುವುದು ಯಾವಾಗ ಶುರುವಾಯಿತು?

ಏಕೆಂದರೆ ನಮ್ಮಲ್ಲಿ ಹಾಗೆ ಇರಲಿಲ್ಲ. ದಾಸರ ಪದಕ್ಕೆ ಸಿನಿಮಾ ಬೇಕಿರಲಿಲ್ಲ. ಷರೀಫರ ಪದಕ್ಕೆ ಬೇಕಿರಲಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಕ್ಯಾಸೆಟ್ ಬಂತಲ್ಲ, ನನ್ನ ವಯಸ್ಸಿನವರಿಗೆ ನೆನಪಿರುತ್ತದೆ, ಟೇಪ್ ರೆಕಾರ್ಡರ್ ಇದ್ದವರ ಮನೆಗೆ ಹೋಗಿ ಕೂತು ಕೇಳಿದವರು ನಾವು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ಕಾರ್ಯಕ್ರಮಕ್ಕೆ ಸೇರಿದ್ದ ಜನ ನೋಡಿದ್ದೀರಾ? ನಾನು ಗೇಟಿನಿಂದ ವೇದಿಕೆ ಕಾಣುವಷ್ಟು ಹತ್ತಿರ ಹೋಗುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಜನ ಬಂದದ್ದು ಕವಿತೆ ಕೇಳುವುದಕ್ಕೆ. ಆಗ ಹೊಸ ಹಾಡು ಕಿವಿಗೆ ಬಿದ್ದರೆ ನಾವು ಕೇಳುತ್ತಿದ್ದ ಪ್ರಶ್ನೆ ‘ಯಾರ ಪದ?’ ಅಂತ. ಈಗ ಎಲ್ಲರೂ ಕೇಳುವುದು ‘ಯಾವ ಸಿನಿಮಾದ್ದು?’ ಅಂತ.

ಈ ಪ್ರಶ್ನೆಯನ್ನು ನಮ್ಮ ಮಹಡಿಯ ಮಕ್ಕಳು ಎಷ್ಟು ಸಲ ಕೇಳಿಸಿಕೊಂಡಿದ್ದಾರೋ. ಒಂದು ರೇಡಿಯೋ ವಾಹಿನಿಯವರು ಕೇಳಿದರು, ಹೆಸರು ಬೇಡ. ಯಾವುದೂ ಇಲ್ಲ, ಇದು ನಮ್ಮದೇ ಹಾಡು ಅಂದರೆ, ‘ಸರಿ, ಸಿನಿಮಾ ಸಿಕ್ಕಾಗ ಬನ್ನಿ’ ಅಂದರಂತೆ. ಒಂದು ಪಬ್‌ನವರು ಬೇರೆ ಹೇಳಿದರು, ಎಲ್ಲರಿಗೂ ಗೊತ್ತಿರುವ ಹಾಡು ನುಡಿಸಿ, ನಿಮ್ಮದು ಬೇಕಾದರೆ ಕೊನೆಯಲ್ಲಿ ಒಂದು. ಸಂಬಂಧಿಕರಂತೂ ಬಿಡಿ, ‘ಹಾಡ್ತಾ ಇರಿ, ಒಂದಲ್ಲ ಒಂದಿನ ಯಾರಾದ್ರೂ ಡೈರೆಕ್ಟರ್ ಕರೀತಾರೆ’ ಅಂತ ಸಮಾಧಾನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತು ಕೇಳಿ ಆ ಹುಡುಗಿಯ ಮುಖ ಬಾಡಿದ್ದನ್ನು ನಾನು ನೋಡಿದ್ದೇನೆ. ಅವಳು ಮಾಡಿಟ್ಟಿದ್ದು ಪೂರ್ತಿ ಆದ ಕೆಲಸ. ಇನ್ನೆಲ್ಲಿಗೋ ಹೋಗುವುದಕ್ಕೆ ಹಾಕಿದ ಅರ್ಜಿ ಅಲ್ಲ.

ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಹತ್ತಿರದಿಂದ ನೋಡುವವರೆಗೆ ನನಗೂ ಗೊತ್ತಿರಲಿಲ್ಲ.

ಮೊದಲು ಸದ್ದಿನ ವಿಷಯ. ವಸತಿ ಪ್ರದೇಶದಲ್ಲಿ ಸದ್ದು ಹಗಲು 55 ಡೆಸಿಬಲ್, ರಾತ್ರಿ 45 ಮೀರಬಾರದು ಅಂತ 2000ದ ನಿಯಮ ಇದೆ. ಡ್ರಮ್ಸ್ ಅಂದರೆ ಅದರ ಎಷ್ಟೋ ಪಾಲು ಸದ್ದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಅಂತ ನಾನೂ ನಂಬಿದ್ದೆ. ಅದು ರೂಮಿನೊಳಗಿನ ಮಾರ್ದನಿಯನ್ನು ಕೊಂಚ ಕಮ್ಮಿ ಮಾಡೀತು, ಹೊರಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಮರದ ಚೌಕಟ್ಟಿಗೆ ರಾಕ್‌ವೂಲ್, ಅಂದರೆ ಸದ್ದು ಹೀರುವ ಕಲ್ಲಿನ ನಾರು, ತುಂಬಿಸಿ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರು, ಕಿಟಕಿಗೆ ಹಳೆಯ ಹತ್ತಿ ಹಾಸಿಗೆ ಬಿಗಿದರು. ಆದರೂ ಕೆಳಗೆ ನಮ್ಮ ಅಡುಗೆಮನೆಯಲ್ಲಿ ದುಬ್ ದುಬ್ ಅಂತ ಕೇಳುತ್ತಿತ್ತು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದು ಗಾಳಿಗಿಂತ ನೆಲದಲ್ಲಿ ಜಾಸ್ತಿ ಇಳಿಯುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಟೆನಿಸ್ ಬಾಲ್. ಒಂದು ಪ್ಲೈವುಡ್ ಹಲಗೆಯಲ್ಲಿ ಸಾಲಾಗಿ ತೂತು ಕೊರೆದು, ಒಂದೊಂದರಲ್ಲೂ ಒಂದು ಬಾಲ್ ಕೂರಿಸಿ, ಮೇಲೆ ಇನ್ನೊಂದು ಹಲಗೆ ಇಟ್ಟು, ಅದರ ಮೇಲೆ ಡ್ರಮ್ಸ್. ನಮ್ಮ ರಸ್ತೆಯಲ್ಲಿ ಕ್ರಿಕೆಟ್ ಆಡುವ ಹುಡುಗರು ಸವೆದ ಬಾಲ್‌ಗಳನ್ನೆಲ್ಲ ಚೀಲ ತುಂಬಿಸಿ ತಂದುಕೊಟ್ಟರು. ಈಗ ಕೆಳಗೆ ಒಗ್ಗರಣೆಯ ಸದ್ದೇ ಜಾಸ್ತಿ. ಸಂಜೆ ಏಳಕ್ಕೆ ಬಾರಿಸುವುದನ್ನು ನಿಲ್ಲಿಸುತ್ತಾರೆ, ಇವತ್ತಿನವರೆಗೆ ಅಕ್ಕಪಕ್ಕದವರು ಒಂದು ಮಾತು ಅಂದಿಲ್ಲ.

ಇನ್ನೊಂದು, ಗಿಟಾರ್ ಹಚ್ಚಿದರೆ ಸಾಕು ಗುಂಯ್ ಅನ್ನುವ ಸದ್ದು. ಅದನ್ನು ಸರಿ ಮಾಡಿದ್ದು ನಾನು. 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆ ಅಂತ ಕೇಳಿದ ತಕ್ಷಣ ಗೊತ್ತಾಯಿತು. ಮನೆಯ ಅರ್ತಿಂಗ್ ಸರಿ ಇರಲಿಲ್ಲ. ಕಾಂಪೌಂಡ್ ಪಕ್ಕ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಹೊಸದಾಗಿ ಅರ್ತ್ ಮಾಡಿಸಿದೆ, ರೂಮಿನ ಹಳೆ ಟ್ಯೂಬ್‌ಲೈಟಿನ ಚೋಕ್ ಕಿತ್ತು ಹಾಕಿದೆ, ಎಸ್.ಪಿ. ರೋಡಿನಿಂದ ಒಳ್ಳೆಯ ಕೇಬಲ್ ಮತ್ತು ಜ್ಯಾಕ್ ತಂದು ಕೂತು ಬೆಸುಗೆ ಹಾಕಿಕೊಟ್ಟೆ. ಗುಂಯ್ ನಿಂತ ದಿನ ಹುಡುಗ ಒಂದೇ ತಂತಿ ಮೀಟಿ, ಅದು ಪೂರ್ತಿ ಆರುವವರೆಗೆ ಸುಮ್ನೆ ಕೂತಿದ್ದ. ‘ಅಂಕಲ್, ಕೇಳಿ, ಏನೂ ಇಲ್ಲ’ ಅಂದ. ನಿವೃತ್ತಿಯಾದ ಮೇಲೆ ನನ್ನ ಕೆಲಸಕ್ಕೆ ಅಂಥ ಶಹಬ್ಬಾಸ್ ಸಿಕ್ಕಿದ್ದು ಅದೇ ಮೊದಲು.

ಇಬ್ಬರೇ ಸೇರಿ ರಾಕ್ ಹೇಗೆ ಅಂತ ಕೇಳುವವರಿಗೆ: ತಗ್ಗು ಸ್ವರ ಕೊಡುವ ಬಾಸ್ ಗಿಟಾರ್ ಇಲ್ಲದ ಕೊರತೆಯನ್ನು ಗಿಟಾರೇ ತುಂಬುತ್ತದೆ. ಗಿಟಾರಿನ ಸದ್ದನ್ನು ಎರಡಾಗಿ ಕವಲೊಡೆಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಸದ್ದು ಬದಲಿಸುವ ಗಿಟಾರ್ ಪೆಡಲ್ ಹಚ್ಚಿ ಒಂದು ಸ್ಥಾಯಿ ಕೆಳಗಿಳಿಸಿ ಬಾಸ್ ಆಂಪ್ಲಿಫೈಯರ್‌ಗೆ ಕೊಡುತ್ತಾರೆ. ಇದೇನು ಹೊಸದಲ್ಲ, ಅಮೆರಿಕದ ಡೆಟ್ರಾಯಿಟ್‌ನಲ್ಲಿ 1997ರಲ್ಲಿ ಶುರುವಾದ ದಿ ವೈಟ್ ಸ್ಟ್ರೈಪ್ಸ್ ಕೂಡ ಗಿಟಾರ್ ಮತ್ತು ಡ್ರಮ್ಸ್ ಅಷ್ಟೇ. ಒಹಾಯೋದ ದಿ ಬ್ಲ್ಯಾಕ್ ಕೀಸ್ ಇಬ್ಬರು 2002ರ ತಮ್ಮ ಮೊದಲ ಆಲ್ಬಮ್ಮನ್ನು ಮನೆಯ ನೆಲಮಾಳಿಗೆಯಲ್ಲಿ ತಾವೇ ರೆಕಾರ್ಡ್ ಮಾಡಿದವರು. ಇದೆಲ್ಲ ಆ ಮಕ್ಕಳು ಹೇಳಿಕೊಟ್ಟಿದ್ದು ನನಗೆ. ನಮ್ಮ ಊರಿಗೂ ರಾಕ್ ಹೊಸದಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಲ್ಲೇ ಇದೆ, ಅವರದು ಇಂಗ್ಲಿಷ್. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿ ಷರೀಫರ ಪದ ಗಿಟಾರಿನ ಜೊತೆ ಬಂದಾಗ ಎಷ್ಟು ಚೆನ್ನಾಗಿ ಹೊಂದಿತು, ಅಲ್ವಾ?

ಆದರೆ ಕನ್ನಡದಲ್ಲಿ ಹೊಸದಾಗಿ ಪದ ಕಟ್ಟಿ ರಾಕ್ ಹಾಡುವುದು ಸುಲಭ ಅಲ್ಲ. ಒಂದು ಉದಾಹರಣೆ ಹೇಳಲೇಬೇಕು. ಅವರ ಒಂದು ಹಾಡು ನಮ್ಮ ಕಲ್ಕೆರೆ ಕೆರೆಯ ಮೇಲೆ. ಪಲ್ಲವಿ ಶುರುವಾಗುವುದೇ ‘ಕೆರೆ’ ಅನ್ನುವ ಪದದಿಂದ. ಹುಡುಗ ಗಿಟಾರಿನ ಜೋರಿಗೆ ತಕ್ಕಂತೆ ಮೊದಲ ಅಕ್ಷರವನ್ನೇ ಎಳೆದು ಹಾಡಿದ. ಕಾಫಿ ಕೊಡಲು ಹೋದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ‘ಏನಪ್ಪಾ, ಕೇರೆ ಹಾವಿನ ಮೇಲೆ ಯಾಕೆ ಹಾಡು?’ ಅಂದಳು. ಹೌದಲ್ಲ! ಕೆರೆಯನ್ನು ಎಳೆದರೆ ಕೇರೆ ಆಗುತ್ತದೆ, ಬಳೆಯನ್ನು ಎಳೆದರೆ ಬಾಳೆ ಆಗುತ್ತದೆ. ಇಂಗ್ಲಿಷ್ ರಾಕ್‌ನಲ್ಲಿ ಎಲ್ಲಿ ಬೇಕಾದರೂ ಎಳೆಯಬಹುದು, ಕನ್ನಡದಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಆ ಒಂದು ಪದಕ್ಕೆ ಮೂರು ವಾರ ತೆಗೆದುಕೊಂಡರು. ಕೊನೆಗೆ ಡ್ರಮ್ಮಿನ ಪೆಟ್ಟನ್ನೇ ಜಾಗ ಬದಲಿಸಿದರು. ‘ಕೆರೆ’ ಎರಡೂ ಅಕ್ಷರ ಚಕಚಕ ಬಂದು ಹೋಗುತ್ತವೆ, ಆಮೇಲೆ ‘ಯೇ’ ಅನ್ನುವ ಕರೆ ಉದ್ದಕ್ಕೆ ಎಳೆಯುತ್ತದೆ. ಕೆರೆಯೇ... ಅಂತ ಅವನು ಕೂಗಿದರೆ ದಡದಲ್ಲಿ ನಿಂತು ಯಾರನ್ನೋ ಕರೆದ ಹಾಗೆ ಕೇಳುತ್ತದೆ. ಮೊದಲು ಹಾಡಿದ್ದಕ್ಕಿಂತ ನೂರು ಪಾಲು ಚೆನ್ನ. ಭಾಷೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಕೊಡಬೇಕು ಹೇಳಿ.

ರೆಕಾರ್ಡ್ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಮಿಕ್ಸಿಂಗ್, ಅಂದರೆ ದನಿ ವಾದ್ಯಗಳನ್ನು ಹದವಾಗಿ ಬೆರೆಸುವುದು, ಅದೂ ಅವರದೇ. ಹೆಡ್‌ಫೋನ್‌ನಲ್ಲಿ ಸರಿಯಾಗಿದೆ ಅನಿಸಿದ ಮೇಲೆ ನನ್ನ ಹೆಂಡತಿಯ ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಹಾಕಿ ಕೇಳುತ್ತಾರೆ, ಮಾತು ಸ್ಪಷ್ಟ ಕೇಳದಿದ್ದರೆ ಮತ್ತೆ ಮೊದಲಿಂದ. ಆಮೇಲೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಣಾ ಕಂಪನಿಗೆ ವರ್ಷದ ದುಡ್ಡು ಕಟ್ಟಬೇಕು. ಪ್ರತಿ ಹಾಡಿಗೂ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರ ಅಂಕಿಗಳ ಐಎಸ್‌ಆರ್‌ಸಿ ಸಂಕೇತ, ಮುಖಪುಟದ ಚಿತ್ರ, ಯಾರು ಬರೆದದ್ದು ಯಾರು ನುಡಿಸಿದ್ದು ಎಲ್ಲ ತುಂಬಬೇಕು. ಇಷ್ಟೆಲ್ಲ ಆದ ಮೇಲೂ 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳಿರದಿದ್ದರೆ ಅದಕ್ಕೆ ಒಂದು ಪೈಸೆ ಹುಟ್ಟುವುದಿಲ್ಲ. ಸಾವಿರ ಅಂದರೆ ಸಿನಿಮಾ ಹಾಡಿಗೆ ಒಂದು ಗಂಟೆಯ ಮಾತು. ಇವರಿಗೆ ಒಬ್ಬೊಬ್ಬ ಕೇಳುಗನೂ ಲೆಕ್ಕಕ್ಕೆ ಬರುತ್ತಾನೆ.

ಒಂದು ಕಂಪನಿ ಬಂದು, ಒಂದಿಷ್ಟು ದುಡ್ಡು ಕೊಡುತ್ತೇವೆ, ಐದು ಹಾಡಿನ ಎಲ್ಲ ಹಕ್ಕೂ ನಮಗೆ ಬರೆದುಕೊಡಿ ಅಂದಿತ್ತು. ಆ ದುಡ್ಡಿನಲ್ಲಿ ಒಳ್ಳೆಯ ಮೈಕ್ ಬರುತ್ತಿತ್ತು. ಇಬ್ಬರೂ ಎರಡು ದಿನ ಯೋಚಿಸಿ ಬೇಡ ಅಂದರು. 2012ರ ಕಾಪಿರೈಟ್ ತಿದ್ದುಪಡಿಯಲ್ಲಿ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ಕಾಯ್ದಿಟ್ಟಿದ್ದಾರೆ, ಆದರೆ ರೆಕಾರ್ಡಿಂಗಿನ ಹಕ್ಕು ಬರೆದುಕೊಟ್ಟರೆ ಅದು ಹೋದಂತೆಯೇ. ‘ಹಾಡು ನಮ್ಮ ಹತ್ರಾನೇ ಇರ್ಲಿ ಅಂಕಲ್, ನಿಧಾನಕ್ಕೆ ಜನ ಕೇಳ್ತಾರೆ’ ಅಂದಳು ಹುಡುಗಿ. ನಾನು ಆಗ ಏನೂ ಹೇಳಲಿಲ್ಲ. ಜನ ಅಂದರೆ ನಾವೇ ತಾನೆ, ಅದಕ್ಕೇ ಈ ಪತ್ರ.

ಹಾಡುವ ಜಾಗವೂ ಕಮ್ಮಿಯಾಗಿದೆ. ಮನರಂಜನಾ ಸ್ಥಳಗಳಿಗೆ ಪರವಾನಗಿ ಬೇಕು ಅನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ನಗರದ ಎಷ್ಟೋ ಪಬ್‌ಗಳಲ್ಲಿ ಲೈವ್ ಸಂಗೀತವೇ ನಿಂತುಹೋಗಿತ್ತು. ಹಾಗೆ ನೋಡಿದರೆ ಕನ್ನಡದ ಹಾಡು ಕೇಳುವುದಕ್ಕೆ ಪಬ್ಬಿಗೇ ಯಾಕೆ ಹೋಗಬೇಕು? ಬಡಾವಣೆಗಳಲ್ಲಿ ಪಾಲಿಕೆಯ ಸಮುದಾಯ ಭವನಗಳಿವೆ. ಮದುವೆ ಮುಹೂರ್ತ ಇಲ್ಲದ ದಿನ ಬೀಗ ಹಾಕಿರುತ್ತಾರೆ. ಅಂಥ ದಿನ, ಸಂಜೆ ಐದರಿಂದ ಎಂಟರವರೆಗೆ, ಸ್ವಂತ ಹಾಡು ಹಾಡುವ ತಂಡಗಳಿಗೆ ಕಮ್ಮಿ ಬಾಡಿಗೆಗೆ ಕೊಟ್ಟರೆ ನಮ್ಮಂಥ ವಯಸ್ಸಾದವರೂ ಹೋಗಿ ಕೂರಬಹುದು, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಬಾಗಿಲಲ್ಲಿ ಒಂದು ಕ್ಯೂಆರ್ ಕೋಡ್ ಇಟ್ಟರೆ ನಾನಂತೂ ಕೊಟ್ಟೇ ಬರುತ್ತೇನೆ. ಈ ವಿಷಯ ನಿಮ್ಮ ವರದಿಗಾರರು ಪಾಲಿಕೆಯವರನ್ನು ಕೇಳಿ ಬರೆದರೆ ನಾಲ್ಕು ಜನಕ್ಕೆ ತಲುಪುತ್ತದೆ.

ನಿಮ್ಮಿಂದ ಬೇಡುವುದು ಇಷ್ಟೇ. ಶುಕ್ರವಾರದ ಸಿನಿಮಾ ಪುಟದಲ್ಲಿ ಒಂದು ಅಂಗೈ ಅಗಲ ಜಾಗ ಬಿಡಿ. ವಾರಕ್ಕೊಂದು, ಸಿನಿಮಾದ್ದಲ್ಲದ ಹೊಸ ಕನ್ನಡ ಹಾಡು. ರಾಕ್ ಆಗಲಿ, ರ‍್ಯಾಪ್ ಆಗಲಿ, ಭಾವಗೀತೆಯೇ ಆಗಲಿ. ಹೊಗಳಬೇಡಿ, ಪಾಪ ಅಂತ ಬೆನ್ನು ತಟ್ಟಲೂಬೇಡಿ. ಸಿನಿಮಾಕ್ಕೆ ವಿಮರ್ಶೆ ಬರೆಯುತ್ತೀರಲ್ಲ, ಹಾಗೇ ಬರೆಯಿರಿ: ಪದ ಹೇಗಿದೆ, ದನಿ ಹೇಗಿದೆ, ಎಲ್ಲಿ ಸೊರಗಿದೆ.

ಆ ಇಬ್ಬರ ಐದು ಹಾಡುಗಳು ಮುಂದಿನ ತಿಂಗಳು ಹೊರಗೆ ಬರುತ್ತವೆ. ತಮ್ಮ ಹೆಸರನ್ನು ಈ ಪತ್ರದಲ್ಲಿ ಹಾಕಬೇಡಿ ಅಂತ ಹೇಳಿದ್ದಾರೆ, ಹಾಡು ಕೇಳಿ ಬರುವವರು ಬರಲಿ ಅನ್ನುವುದು ಅವರ ಹಟ, ಅದಕ್ಕೆ ಹಾಕಿಲ್ಲ. ಆದರೆ ಬಿಡುಗಡೆಯ ದಿನ ಲಿಂಕನ್ನು ನಿಮ್ಮ ಕಚೇರಿಗೆ ನಾನೇ ಕಳಿಸುತ್ತೇನೆ. ಕಚೇರಿಯಲ್ಲಿ ಯಾರಾದರೂ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೆರೆಯ ಹಾಡನ್ನು ಪೂರ್ತಿ ಕೇಳಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಅಚ್ಚು ಹಾಕಿ, ಆ ಪುಟವನ್ನು ಮಹಡಿಗೆ ತಗೊಂಡು ಹೋಗಿ ಅವರ ಕೈಗೆ ಕೊಡುತ್ತೇನೆ.

ಇತಿ ನಿಮ್ಮ ಹಳೆಯ ಓದುಗ,
ರಾಮಮೂರ್ತಿನಗರ, ಬೆಂಗಳೂರು