ಹಳೇ ಗೀಕ್ ಕೋಡ್ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆಯ ಹರಟೆಗೆ ಗೀಕ್ ಕೋಡ್ ವಿಷಯ ಇಟ್ಟುಕೊಳ್ಳೋಣ, ಅಂದರೆ ಕಂಪ್ಯೂಟರ್ ಗೀಳಿನವರು (ಗೀಕ್‌ಗಳು) ತಮ್ಮ ಪರಿಚಯವನ್ನು ಗುರುತುಗಳಲ್ಲೇ ಬರೆದುಕೊಳ್ಳುತ್ತಿದ್ದ ಚಿಕ್ಕ ಸಂಕೇತ. ಯೂಸ್‌ನೆಟ್ (ಹಳೇ ಇಂಟರ್ನೆಟ್ ಚರ್ಚಾಕೂಟ) ನೋಡಿದವರಿಗೆ ನೆನಪಿರುತ್ತದೆ, ಅಲ್ವಾ? ಮೇಲ್‌ನ ಕೊನೆಯಲ್ಲಿ, ಸಹಿಯ ಕೆಳಗೆ, ಒಂದಿಷ್ಟು ಅಕ್ಷರ, ಪ್ಲಸ್ಸು, ಮೈನಸ್ಸು.

ಹೊಸಬರಿಗೆ ಹೇಳುತ್ತೇನೆ. ಅಮೆರಿಕದ ರಾಬರ್ಟ್ ಹೇಡನ್ 1993ರಲ್ಲಿ ಇದನ್ನು ಶುರು ಮಾಡಿದರು, 1996ರ 3.12ನೇ ಆವೃತ್ತಿಯೇ ಜಾಸ್ತಿ ಬಳಕೆಗೆ ಬಂತು. ಪಿಜಿಪಿ (ಮೇಲ್ ಗುಪ್ತವಾಗಿಡುವ ತಂತ್ರಾಂಶ) ಸಂದೇಶದ ಹಾಗೆಯೇ ಮೇಲೊಂದು ಗೆರೆ, ಕೆಳಗೊಂದು ಗೆರೆ. ಮೊದಲು ಗೀಕ್ ಅನ್ನೋದಕ್ಕೆ 'ಜಿ', ಆಮೇಲೆ ನಿಮ್ಮ ಕ್ಷೇತ್ರ. ನಂತರ ಬಟ್ಟೆ, ಮೈಕಟ್ಟು, ವಯಸ್ಸು, ಯುನಿಕ್ಸ್, ಪರ್ಲ್, ಇಮ್ಯಾಕ್ಸ್ ಥರದ ತಂತ್ರಾಂಶಗಳು, ಸ್ಟಾರ್ ಟ್ರೆಕ್ ಧಾರಾವಾಹಿ, ಡೂಮ್ ಆಟ, ಹೀಗೆ ಒಂದೊಂದಕ್ಕೂ ಒಂದು ಗುರುತು. ಪ್ಲಸ್ ಹೆಚ್ಚಿದಷ್ಟೂ ಪ್ರೀತಿ ಹೆಚ್ಚು. ಡಾಲರ್ ಚಿಹ್ನೆ ಇದ್ದರೆ ಅದೇ ಹೊಟ್ಟೆಪಾಡು ಅಂತ ಅರ್ಥ. ನನಗೆ ತುಂಬಾ ಇಷ್ಟ ಆಗಿದ್ದು '>' ಗುರುತು: 'ಎಲ್+>+++' ಅಂದರೆ ಲಿನಕ್ಸ್ ಈಗ ಸ್ವಲ್ಪ ಬರುತ್ತದೆ, ಆದರೆ ಇನ್ನೂ ಎಷ್ಟೋ ಕಲಿಯುವ ಆಸೆ ಇದೆ. ಆಸೆಗೂ ಒಂದು ಗುರುತು ಇಟ್ಟಿದ್ದರು ನೋಡಿ!

ಸಹಿ ನಾಲ್ಕು ಸಾಲು ಮೀರಬಾರದು ಅನ್ನೋ ಪದ್ಧತಿ ಇದ್ದ ಕಾಲ ಅದು, ಫೋಟೋ ಇಲ್ಲ, ಪ್ರೊಫೈಲ್ ಇಲ್ಲ, ಹಾಗಾಗಿ ಅಷ್ಟು ಚಿಕ್ಕ ಜಾಗದಲ್ಲಿ ತಮ್ಮನ್ನು ಹೇಳಿಕೊಳ್ಳೋಕೆ ಜನ ಎಷ್ಟು ಚಂದದ ದಾರಿ ಹುಡುಕಿದ್ದರು! ಬಿಡಿಸಿ ಓದೋಕೆ ಶ್ರಮ ಬೇಕಿತ್ತು, ಓದಿದವರು ಮಾತ್ರ ಗೆಳೆಯರಾಗಿಬಿಡುತ್ತಿದ್ದರು.

ನಿಮ್ಮ ಹಳೇ ಮೇಲ್‌ಗಳಲ್ಲಿ ಕೋಡ್ ಸಿಕ್ಕರೆ ಶನಿವಾರದೊಳಗೆ ಇಲ್ಲಿ ಹಾಕಿ. ಬೇರೆಯವರದ್ದಾದರೆ ಹೆಸರು, ವಿಳಾಸ ದಯವಿಟ್ಟು ತೆಗೆದುಬಿಡಿ. ಸಿಗದವರು ಹೊಸದಾಗಿ ಒಂದು ಬರೆದು ತನ್ನಿ, ಒಟ್ಟಿಗೆ ಕೂತು ಬಿಡಿಸೋಣ.