ಹಳೆ ಮಿಲಿಟರಿ ಬೈಕಿನ ಫಿಲ್ಟರ್ ಡಬ್ಬ ಕಿತ್ತು ಬಿಸಾಕಬೇಡಿ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಹಳೆ ಬೈಕುಗಳ ಚಿತ್ರಗಳು ಚೆನ್ನಾಗಿದ್ದವು. ಆದರೆ ಅದರಲ್ಲಿದ್ದ ಎರಡನೇ ಮಹಾಯುದ್ಧದ ಬಿಎಸ್‌ಎ ಎಂ20 ಅನ್ನೋ ಬ್ರಿಟಿಷ್ ಮಿಲಿಟರಿ ಬೈಕ್ ನೋಡಿ ಬೇಜಾರಾಯಿತು. ಥಳಥಳ ಬಣ್ಣ ಇದೆ, ಕ್ರೋಮ್ ಇದೆ, ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಏರ್ ಫಿಲ್ಟರ್ ಮಾತ್ರ ಇಲ್ಲ. ಅದಕ್ಕೆಂದೇ ಟ್ಯಾಂಕಿನಲ್ಲಿ ಬಿಟ್ಟಿದ್ದ ತಗ್ಗು ಖಾಲಿ ಬಿದ್ದಿದೆ.

ಇಂಥ ಬೈಕುಗಳನ್ನು ರೆಡಿ ಮಾಡಿಸುವ ಎಷ್ಟೋ ಜನ ಆ ತಗಡಿನ ಪೆಟ್ಟಿಗೆಯನ್ನೇ ಮೊದಲು ಗುಜರಿಗೆ ಹಾಕುತ್ತಾರೆ. ನೋಡೋಕೆ ಚೆನ್ನಾಗಿಲ್ಲ, ಯಾರೋ ಆಮೇಲೆ ಸಿಕ್ಕಿಸಿದ್ದು ಅಂತಾರೆ. ಆಮೇಲೆ ಸಿಕ್ಕಿಸಿದ್ದು ಅನ್ನೋದು ನಿಜ. ಅದಕ್ಕೇ ಅದನ್ನು ಉಳಿಸಿಕೊಳ್ಳಬೇಕು.

ಎಂ20 ಆಗಲಿ ನಾರ್ಟನ್ 16ಎಚ್ ಆಗಲಿ ಇಂಗ್ಲೆಂಡಿನ ರಸ್ತೆಗೆ ಮಾಡಿದ ಗಾಡಿಗಳು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಿಗೆ ಮುಚ್ಚಳ, ಜಾಲರಿ ಏನೂ ಇರಲಿಲ್ಲ. 1940ರ ಹೊತ್ತಿಗೆ ಯುದ್ಧ ಈಜಿಪ್ಟ್, ಲಿಬಿಯಾ ಮರಳುಗಾಡಿಗೆ ಹೋಯಿತು. ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಕೂಡ ಅದೇ ಮರಳಿನಲ್ಲಿ ಕಾದಾಡಿದೆ. ಮರಳಿನ ಕಣ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಅದು ಇಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಸೇರಿದರೆ ವಾಲ್ವ್ ಅರೆಯುವ ಪೇಸ್ಟ್ ಆಗಿಬಿಡುತ್ತೆ, ಪಿಸ್ಟನ್ ರಿಂಗ್ ಸವೆಯುತ್ತೆ, ಅದು ಓಡಾಡುವ ಬೋರ್ ಸವೆಯುತ್ತೆ, ಒಳಗಿನ ಒತ್ತಡ ಅಂದರೆ ಕಂಪ್ರೆಷನ್ ಹೋಗುತ್ತೆ, ಕೊನೆಗೆ ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲ್ಲ. ಸಂದೇಶ ಒಯ್ಯುವ ಸವಾರ ನಡುದಾರಿಯಲ್ಲಿ ನಿಂತರೆ ಪ್ರಾಣಕ್ಕೇ ಕುತ್ತು.

ಕಾರ್ಬುರೇಟರಿನ ಬಾಯಿಗೆ ಎಣ್ಣೆ ಸವರಿದ ಬಟ್ಟೆ ಸುತ್ತಿದರೆ ಸಾಕಲ್ವಾ ಅಂತ ಕೇಳಬಹುದು. ಸ್ವಲ್ಪ ಹೊತ್ತಿಗೆ ಸಾಕು. ಧೂಳು ತುಂಬಿಕೊಂಡರೆ ಇಂಜಿನ್ನಿಗೆ ಉಸಿರು ಕಟ್ಟುತ್ತೆ, ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತೆ, ಪವರ್ ಇಳಿಯುತ್ತೆ. ದೊಡ್ಡ ಪೆಟ್ಟಿಗೆ ಬೇಕಾಗಿದ್ದು ಇದಕ್ಕೇ. ಫಿಲ್ಟರ್ ಮಾಡುವ ವೋಕ್ಸ್ ಕಂಪನಿಯ ಡಬ್ಬ ಕೂರಿಸಿ, ಅದರಿಂದ ಕಾರ್ಬುರೇಟರಿಗೆ ರಬ್ಬರ್ ಹೋಸ್ ಎಳೆದರು. ಇದ್ದ ಗಾಡಿಗೆ ಹೊಂದಿಸಿದ್ದಾದ್ದರಿಂದ ಜಾಗ ಸಾಲದೆ ಆಮೇಲಿನ ಟ್ಯಾಂಕುಗಳಲ್ಲಿ ತಗ್ಗು ಬಿಟ್ಟರು. ಅಮೆರಿಕದ ಹಾರ್ಲೆ ಡಬ್ಲ್ಯೂಎಲ್‌ಎಗೆ ಆಯಿಲ್ ಬಾತ್ ಫಿಲ್ಟರ್ ಇತ್ತು. ಒಳಗೆ ಬಂದ ಗಾಳಿ ಎಣ್ಣೆಯ ಮೇಲೆ ಗಕ್ಕನೆ ತಿರುಗುತ್ತೆ, ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತೆ, ಉಳಿದದ್ದು ಜಾಲರಿಗೆ ಅಂಟುತ್ತೆ. ಎಷ್ಟು ಸರಳ ನೋಡಿ! ಜರ್ಮನರ ಬಿಎಂಡಬ್ಲ್ಯೂ ಆರ್75ರಲ್ಲಿ ಮೊದಲು ಫಿಲ್ಟರ್ ಕೆಳಗೆ ಗೇರ್‌ಬಾಕ್ಸ್ ಹತ್ತಿರ ಇತ್ತು, ಚಕ್ರ ಎಬ್ಬಿಸುವ ಧೂಳೆಲ್ಲ ಇರುವ ಜಾಗ ಅದು. ಆಮೇಲೆ ಅದನ್ನು ಪೆಟ್ರೋಲ್ ಟ್ಯಾಂಕಿನ ತಲೆ ಮೇಲೆ ತಂದು ಕೂರಿಸಿದರು, ಉಕ್ಕಿನ ಹೆಲ್ಮೆಟ್ ಇಟ್ಟ ಹಾಗೆ ಕಾಣುತ್ತೆ. ಚಂದಕ್ಕೆ ಮಾಡಿದ್ದಲ್ಲ, ಮೇಲಿನ ಗಾಳಿ ಸ್ವಲ್ಪ ಸ್ವಚ್ಛ ಅಂತ ಮಾಡಿದ್ದು. ವಿಮಾನಗಳಿಗೂ ಇದೇ ಕಾಟ ಇತ್ತು. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ಗೆ ಹಾಕಿದ ದೊಡ್ಡ ಫಿಲ್ಟರ್ ವೇಗ ತಗ್ಗಿಸುತ್ತೆ ಅಂತ ಈಜಿಪ್ಟಿನ ಅಬೂಕಿರ್ ವರ್ಕ್‌ಶಾಪಿನವರು ತಾವೇ ಚಿಕ್ಕದೊಂದು ಮಾಡಿಕೊಂಡರು.

ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಮಾಲಾಗಿ, ಅಂದರೆ ಸೇನೆಗೆ ಬೇಡವಾದ ಮಾಲಾಗಿ, ಇಂಥ ಗಾಡಿಗಳು ನಮ್ಮ ಕಡೆಯೂ ಮಾರಾಟವಾದವು. ಉಳಿದಿರುವುದು ಕಡಿಮೆ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಆ ಅಸಲಿ ಡಬ್ಬ ಮತ್ತೆ ಸಿಗೋದು ಕಷ್ಟ. ಪ್ರದರ್ಶನ ನಡೆಸುವವರು ದಯವಿಟ್ಟು ಫಿಲ್ಟರ್ ಇರುವ ಗಾಡಿಗೂ ಬಹುಮಾನ ಕೊಡಿ, ಪಕ್ಕದಲ್ಲಿ ಅದು ಯಾಕಿದೆ ಅಂತ ಎರಡು ಸಾಲಿನ ಬೋರ್ಡ್ ಹಾಕಿ. ನೀವೂ ಒಮ್ಮೆ ಜೆ.ಸಿ. ರಸ್ತೆಯ ಹಿರಿಯ ಮೆಕ್ಯಾನಿಕ್‌ಗಳನ್ನು ಮಾತಾಡಿಸಿ ಬರೆಯಿರಿ. ಅಟ್ಟದ ಮೇಲೆ ಇಂಥ ಡಬ್ಬ ಇಟ್ಟುಕೊಂಡವರು ಇನ್ನೂ ಇರಬಹುದು.

– ಒಬ್ಬ ಓದುಗ, ಬೆಂಗಳೂರು